ಪೊದೆಯೆಣ್ಣೆಯ ಪರಾಕ್ರಮ

"ಈ ಮನೆಯ ಸಮಸ್ತ ಕ್ರಿಮಿಗಳೇ, ಕಿವಿಗೊಟ್ಟು ಕೇಳಿ! ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಿಮ್ಮಲ್ಲಿ ಒಬ್ಬರೂ ಉಳಿದಿರಬಾರದು!"

ಹೀಗೆಂದು ಕ್ರಿಮಿ ಮೇಡಂ ಘೋಷಿಸಿದ್ದು ಒಂದು ಶುಕ್ರವಾರ ಬೆಳಿಗ್ಗೆ, ಅಡುಗೆಮನೆಯ ನಟ್ಟನಡುವೆ ನಿಂತು, ಪೊರಕೆಯನ್ನು ಗದೆಯಂತೆ ಎತ್ತಿ ಹಿಡಿದು. ಸಭೆಗೆ ಯಾರೂ ಬಂದಿರಲಿಲ್ಲ. ಮೇಲಿನ ಮನೆಯ ಹೊಲಿಗೆ ಮೆಷೀನು ಮಾತ್ರ ಟಕಟಕಟಕ ಎಂದಿತು. ಮೇಡಂ ಅದನ್ನೇ ಚಪ್ಪಾಳೆ ಎಂದು ಸ್ವೀಕರಿಸಿ ಪೊರಕೆಯನ್ನು ಮೂಲೆಗಿಟ್ಟರು.

'ಕ್ರಿಮಿ ಮೇಡಂ' ಎಂಬುದು ಕಾಲೇಜಿನ ವಿದ್ಯಾರ್ಥಿಗಳು ಕೊಟ್ಟ ಬಿರುದು. ಬ್ಯಾಕ್ಟೀರಿಯಾ, ಬೂಷ್ಟು, ವೈರಸ್ಸುಗಳ ಪಾಠ ಮಾಡುವವರಿಗೆ 'ಮಲ್ಲಿಗೆ ಮೇಡಂ' ಎಂದು ಹೆಸರಿಡುತ್ತಾರೆಯೇ? ಅವರಿಗೂ ಅದರ ಬಗ್ಗೆ ಬೇಸರವಿರಲಿಲ್ಲ. ಬೇಸರವಿದ್ದದ್ದು ಬೇರೆಯದಕ್ಕೆ.

ಮೇಡಂ ಮದುವೆಯಾಗಲಿಲ್ಲ. ಅವರ ಅಕ್ಕನೂ ಆಗಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಅಕ್ಕ ತಂಗಿ ಇಬ್ಬರೂ ಈ ಎರಡು ಕೋಣೆಯ ಮನೆಯಲ್ಲಿ ಒಂದೇ ಡಬ್ಬಿಯ ಎರಡು ಚಮಚಗಳಂತೆ ಕಿಣಿಕಿಣಿ ಎನ್ನುತ್ತಾ ಕಾಲ ಹಾಕಿದ್ದರು. ತಲೆ ನರೆಯಿತು, ಕನ್ನಡಕ ಬಂತು, ಇನ್ನು ಕತೆ ಇಷ್ಟೇ ಎಂದುಕೊಂಡಿದ್ದಾಗ ಅಕ್ಕನಿಗೆ ಹಲ್ಲುನೋವು ಬಂತು! ಹಲ್ಲು ಕೀಳಿಸಿಕೊಂಡು ಬರುತ್ತೇನೆಂದು ಹೋದವಳು ಹಲ್ಲಿನ ಡಾಕ್ಟರನ್ನೇ ಕಿತ್ತುಕೊಂಡು ಬಂದಳು. ಆತ ಹೆಂಡತಿಯನ್ನು ಕಳೆದುಕೊಂಡವರು, ಮಾತು ಕಡಿಮೆ. ಎದುರಿಗಿದ್ದವರು ಬಾಯಿ ತೆರೆದರೆ ಮಾತು ಕೇಳುವ ಬದಲು ದವಡೆ ನೋಡುವವರು.

"ಒಂದು ಹಲ್ಲು ಕೊಟ್ಟು ಒಬ್ಬ ಗಂಡನ್ನ ತಗೊಂಡೆಯಲ್ಲೇ, ಒಳ್ಳೇ ವ್ಯಾಪಾರ!" ಎಂದು ಮೇಡಂ ಮದುವೆಯ ದಿನ ಎಲ್ಲರನ್ನೂ ನಗಿಸಿದರು. ಎಲ್ಲರಿಗಿಂತ ಜೋರಾಗಿ ನಕ್ಕವರೂ ಅವರೇ. ಸಂಜೆ ಮನೆಗೆ ಬಂದು ಬೀಗ ತೆಗೆದಾಗ ನಗುವಂಥದ್ದೇನೂ ಒಳಗೆ ಕಾಣಲಿಲ್ಲ.

ಆಮೇಲೆ ಶುರುವಾಯಿತು ಸಣ್ಣಪುಟ್ಟ ಕಿರುಕುಳ. ಬ್ರೆಡ್ಡು ತಂದರೆ ಅರ್ಧ ತಿನ್ನುವಷ್ಟರಲ್ಲಿ ಉಳಿದರ್ಧಕ್ಕೆ ಬೂಷ್ಟು. ಆ ಬೂಷ್ಟಿನ ಕುಲ, ಮೂಲ, ಅಡ್ಡಹೆಸರು ಎಲ್ಲವೂ ಮೇಡಂಗೆ ಗೊತ್ತು, ಆದರೆ ಅರ್ಧ ಬ್ರೆಡ್ಡು ಮಾರುವ ಅಂಗಡಿ ಮಾತ್ರ ಗೊತ್ತಿಲ್ಲ. "ಲೈಟ್ ಆರಿಸೇ, ಕರೆಂಟು ಪುಕ್ಕಟೆ ಬರುತ್ತಾ?" ಎಂದು ಗದರುವವರಿಲ್ಲ. ಒಂದು ದಿನ ತಾವೇ ಅಕ್ಕನ ದನಿಯಲ್ಲಿ ಹಾಗೆಂದು ಗದರಿಕೊಂಡು, ತಾವೇ "ಆರಿಸ್ತೀನಿ, ಇರೇ" ಎಂದು ಉತ್ತರ ಕೊಟ್ಟುಕೊಂಡು, ಆಮೇಲೆ ಗಾಬರಿಯಾಗಿ ಎದ್ದು ನಿಜವಾಗಿಯೂ ಲೈಟ್ ಆರಿಸಿದರು.

ಮನೆಯಲ್ಲಿ ಉಳಿದ ಇನ್ನೊಂದು ಜೀವವೆಂದರೆ ಹೆಪ್ಪು. ಹಾಲಿಗೆ ಹಾಕಿ ಮೊಸರು ಮಾಡುವ ಆ ಒಂದು ಬಟ್ಟಲು ಹಳೇ ಮೊಸರು. ಅಕ್ಕ ಹೊರಡುವಾಗ ಫ್ರಿಜ್ಜು ತೋರಿಸಿ, "ಮೊಸರು ಮರೀಬೇಡ" ಎಂದಷ್ಟೇ ಹೇಳಿದ್ದಳು. ಆದರೆ ಆ ಹೆಪ್ಪು ತಮ್ಮ ಅಮ್ಮ ತವರಿನಿಂದ ತಂದದ್ದು ಎಂದು ಮೇಡಂ ಚಿಕ್ಕಂದಿನಿಂದ ಕೇಳಿ ಬಲ್ಲರು. ದಿನವೂ ಹಾಲು, ದಿನವೂ ಹೆಪ್ಪು, ಮರುದಿನ ಮೊಸರು, ಅದರಿಂದ ಒಂದು ಚಮಚ ಮತ್ತೆ ಹೆಪ್ಪಿಗೆ. ಅಂದರೆ ಅಮ್ಮನ ಕೈಯಿಂದ ಇಲ್ಲಿಯವರೆಗೆ ಒಂದು ದಿನವೂ ಕಡಿಯದೆ ಬಂದ ವಂಶ! ಮೇಡಂ ಅದನ್ನು ಕಾಲೇಜಿಗೆ ಒಯ್ದು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಸರಪಣಿ ಹಿಡಿದ ಗುಂಡುಗುಂಡು ಜೀವಿಗಳು, ನಡುವೆ ಕಡ್ಡಿಯಂಥವು. "ನಮ್ಮಮ್ಮನ ಮಕ್ಕಳು" ಎಂದು ತರಗತಿಗೆ ಪರಿಚಯ ಮಾಡಿಕೊಟ್ಟರು. ಹುಡುಗಿಯೊಬ್ಬಳು, "ಹಾಗಾದ್ರೆ ನಿಮಗೆ ಅಕ್ಕ-ತಮ್ಮ ಆಗ್ಬೇಕಲ್ವಾ ಮೇಡಂ?" ಎಂದಳು. ತರಗತಿ ಗೊಳ್ಳೆಂದಿತು. ಮೇಡಂ ನಕ್ಕರು, ಆದರೆ ಅಂದಿನಿಂದ ಬಟ್ಟಲಿನ ಮುಚ್ಚಳ ತೆಗೆಯುವಾಗ "ಹೇಗಿದೀರಪ್ಪ ಎಲ್ಲಾ?" ಎಂದು ಕೇಳುವುದು ರೂಢಿಯಾಯಿತು.

ಹೀಗಿರುವಾಗ ಗುರುವಾರ ಅಕ್ಕನ ಫೋನು.

"ಭಾನುವಾರ ಊಟಕ್ಕೆ ಬರ್ತೀವಿ ಕಣೇ. ನಿಮ್ಮ ಭಾವನೂ ಬರ್ತಾರೆ."

'ಭಾವ' ಎಂಬ ಶಬ್ದ ಮೇಡಂ ಬಾಯಿಗೆ ಬಂದಿತ್ತೇ ಹೊರತು ಭಾವಕ್ಕೆ ಇನ್ನೂ ಇಳಿದಿರಲಿಲ್ಲ. ಆದರೂ, "ಬನ್ನಿ ಬನ್ನಿ!" ಎಂದರು.

"ಮನೆ ಹೇಗಿಟ್ಕೊಂಡಿದೀಯ?"

"ಅರಮನೆ ಹಾಗೆ!"

"ಊಟ?"

"ರಾಜಭೋಗ!"

"ಸುಳ್ಳು ಬೊಗಳಬೇಡ. ನೋಡು, ನಮ್ಮನೇಲಿ ಮಹಡಿ ಮೇಲೊಂದು ಕೋಣೆ ಖಾಲಿ ಬಿದ್ದಿದೆ. ಅಲ್ಲಿ ಒಬ್ಬಳೇ ಯಾಕೆ…"

"ಒಬ್ಬಳೇ ಅಂತ ಯಾರು ಹೇಳಿದ್ದು? ಕೋಟ್ಯಂತರ ಜನ ಇದಾರೆ ನನ್ ಜೊತೆ!"

"ಯಾರೇ ಅದು?"

"ಬ್ಯಾಕ್ಟೀರಿಯಾ!"

ಅಕ್ಕ ನಗಲಿಲ್ಲ. "ಭಾನುವಾರ ಬಂದು ಮಾತಾಡ್ತೀನಿ" ಎಂದು ಫೋನಿಟ್ಟಳು.

ಮೇಡಂಗೆ ಮೈಯೆಲ್ಲ ಉರಿಯಿತು. ಮಹಡಿ ಮೇಲಿನ ಕೋಣೆಯಂತೆ! ಹಳೇ ಸೂಟ್‌ಕೇಸು ಇಡುವ ಕಡೆ ತನ್ನನ್ನೂ ಇಡುತ್ತಾಳಂತೆ! ಇಲ್ಲ, ಭಾನುವಾರ ಅಕ್ಕ ಒಳಗೆ ಕಾಲಿಟ್ಟಾಗ ಮನೆ ಆಪರೇಷನ್ ಥಿಯೇಟರಿನ ಹಾಗೆ ಹೊಳೆಯಬೇಕು. ಊಟದ ನಡುವೆ ತಾನು ಗಂಟಲು ಸರಿಮಾಡಿಕೊಂಡು ತನ್ನ ಮಹಾಸಂಶೋಧನೆಯನ್ನು ಪ್ರಕಟಿಸಬೇಕು. "ಇವಳಿಗೆ ನಮ್ಮ ಅಗತ್ಯವೇ ಇಲ್ಲ ಕಣ್ರೀ" ಎಂದು ಅಕ್ಕ ಗಂಡನ ಕಡೆ ನೋಡಬೇಕು!

ಮಹಾಸಂಶೋಧನೆ ಎಂದರೆ ಪೊದೆಯೆಣ್ಣೆ. ಕಾಲೇಜಿನ ಹಿಂದಿನ ಬಂಡೆಗುಡ್ಡದಲ್ಲಿ ಒಂದು ಕುರುಚಲು ಪೊದೆ ತಾನಾಗಿಯೇ ಬೆಳೆಯುತ್ತದೆ. ಎಲೆ ಉಜ್ಜಿದರೆ ಔಷಧಿ ಅಂಗಡಿಯೂ ನೆನೆದ ಕಂಬಳಿಯೂ ಜಗಳಾಡಿದಂಥ ವಾಸನೆ. ಜನ ಅದನ್ನು 'ಮೂಗುಮುಚ್ಚು' ಎನ್ನುತ್ತಾರೆ. ಯಾರೂ ನೆಟ್ಟದ್ದಲ್ಲ, ಯಾರೂ ನೀರೆರೆದದ್ದಲ್ಲ, ಆಡು ಕೂಡ ಒಮ್ಮೆ ಮೂಸಿ ಮುಖ ತಿರುಗಿಸಿ ಹೋಗುತ್ತದೆ. ಆದರೂ ಕಲ್ಲಿನ ಸಂದಿಯಲ್ಲಿ ಯಾರ ಹಂಗೂ ಇಲ್ಲದೆ ಹಚ್ಚಗೆ ನಿಂತಿರುತ್ತದೆ. ಅಕ್ಕ ಹೋದ ಮೇಲೆ ಸಂಜೆ ಬೇಗ ಮನೆಗೆ ಹೋಗಲು ಮನಸ್ಸಾಗದೆ ಆ ಗುಡ್ಡದಲ್ಲಿ ಅಡ್ಡಾಡುತ್ತಿದ್ದ ಮೇಡಂಗೆ ಆ ಪೊದೆಯ ಮೇಲೆ ಅದೇಕೋ ಅಭಿಮಾನ ಹುಟ್ಟಿತು. ಪರದೇಶದ ಗಿಡಗಳ ಎಣ್ಣೆಗಾದರೆ ಚಂದದ ಬಾಟಲಿ, ಬಣ್ಣದ ಜಾಹೀರಾತು. ನಮ್ಮ ನೆಲದ ಪೊದೆಗೆ ಮರ್ಯಾದೆಯ ಹೆಸರೂ ಬೇಡವೇ?

ಎಲೆ ತಂದು, ಪ್ರಯೋಗಶಾಲೆಯಲ್ಲಿ ಹಬೆಯಾಡಿಸಿ, ಒಂದಿಷ್ಟು ಎಣ್ಣೆ ಇಳಿಸಿದರು. ಗಾಜಿನ ತಟ್ಟೆಯಲ್ಲಿ ಹುಲ್ಲುಹಾಸಿನಂತೆ ಬ್ಯಾಕ್ಟೀರಿಯಾ ಬೆಳೆಸಿ, ನಡುವೆ ಎಣ್ಣೆಯಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟರು. ಮರುದಿನ ನೋಡಿದರೆ ಬಿಲ್ಲೆಯ ಸುತ್ತ ಒಂದೇ ಒಂದು ಕ್ರಿಮಿಯಿಲ್ಲದ ಬಟಾಬಯಲು! ಮೇಡಂ ತಟ್ಟೆ ಹಿಡಿದು ಕಾರಿಡಾರಿನುದ್ದಕ್ಕೂ ಓಡಿದರು. ಸಿಕ್ಕವರು ಕೆಮಿಸ್ಟ್ರಿ ಮೇಷ್ಟ್ರು.

"ನೋಡ್ರೀ, ನೋಡ್ರೀ! ಬೋಳು ಮಾಡಿಬಿಟ್ಟಿದೆ!"

ಸ್ವತಃ ಬೋಳುತಲೆಯವರಾದ ಮೇಷ್ಟ್ರು ತಲೆ ಸವರಿಕೊಂಡರು. "ಚೆನ್ನಾಗಿದೆ ಮೇಡಂ. ಆದ್ರೆ ಒಂದು ತಟ್ಟೇಲಿ ಸತ್ತ ಮಾತ್ರಕ್ಕೆ ಊರಲ್ಲೆಲ್ಲಾ ಸಾಯುತ್ತೆ ಅಂತಲ್ಲ. ಎಷ್ಟು ಹಾಕಿದ್ರೆ ಯಾವ್ದು ಸಾಯುತ್ತೆ, ಯಾವ್ದು ಬದುಕುತ್ತೆ, ಇನ್ನೂ ನೋಡ್ಬೇಕಲ್ವಾ?"

"ಹೊಟ್ಟೆಕಿಚ್ಚು ರೀ ನಿಮಗೆ!"

ಮೇಡಂ ತಿರುಗಿ ನಡೆದಾಗ ಮೇಷ್ಟ್ರು ಹಿಂದಿನಿಂದ ಕೂಗಿದರು: "ಗಾಜಿನ ಬಾಟ್ಲೀಲೇ ಇಡಿ ಮೇಡಂ! ಗಾಜಿನ ಬಾಟ್ಲೀಲೇ!" ಯಾಕೆ ಎಂದು ಮೇಡಂ ಕೇಳಲಿಲ್ಲ. ಗೆದ್ದವರು ಹಿಂತಿರುಗಿ ನೋಡುವುದುಂಟೇ?

ಈಗ ಇಡೀ ಮನೆಗೆ ಸಾಲುವಷ್ಟು ಎಣ್ಣೆ ಬೇಕಿತ್ತು, ಆದರೆ ಶನಿವಾರ ಕಾಲೇಜಿಗೆ ರಜೆ, ಪ್ರಯೋಗಶಾಲೆಗೆ ಬೀಗ. ಅದರಿಂದೇನು? ಅಕ್ಕ ಬಿಟ್ಟುಹೋದ ದೊಡ್ಡ ಕುಕ್ಕರು ಇತ್ತು. ಒಬ್ಬರ ಅಡುಗೆಗೆ ಅದನ್ನು ಒಲೆಗೇರಿಸುವುದೆಂದರೆ ಸೊಳ್ಳೆಗೆ ಫಿರಂಗಿ ಹಚ್ಚಿದ ಹಾಗೆ, ಆದ್ದರಿಂದ ಅದು ಅಟ್ಟ ಸೇರಿತ್ತು. ಮೇಡಂ ಅದನ್ನು ಇಳಿಸಿದರು. ಹಬೆ ಹೋಗಲು ತಾಮ್ರದ ಕೊಳವೆ ಬೇಕೆಂದು ನಲ್ಲಿ ರಿಪೇರಿಯವನ ಅಂಗಡಿಗೆ ಹೋದರು.

"ಏನಕ್ಕೆ ಮೇಡಂ?"

"ಮನೇಲಿ ಎಣ್ಣೆ ಇಳಿಸ್ಬೇಕು!"

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ನಲ್ಲಿಯವನು ಅತ್ತಿತ್ತ ನೋಡಿ, ಕೊಳವೆಯನ್ನು ಪೇಪರಿನಲ್ಲಿ ಸುತ್ತಿ, ದನಿ ತಗ್ಗಿಸಿ ಹೇಳಿದ: "ಹುಷಾರು ಮೇಡಂ. ಮೊದಲು ಇಳಿಯೋದನ್ನ ಚೆಲ್ಲಿಬಿಡ್ಬೇಕು. ಕಣ್ಣು ಹೋಗುತ್ತೆ."

ತಮ್ಮನ್ನು ಕಳ್ಳಭಟ್ಟಿಯವಳೆಂದು ತಿಳಿದಿದ್ದಾನೆಂಬುದು ಮೇಡಂ ತಲೆಗೆ ಹೊಳೆದದ್ದು ಮನೆಯ ಮೆಟ್ಟಿಲಲ್ಲಿ. ಅಲ್ಲೇ ನಿಂತು ಹೊಟ್ಟೆ ಹಿಡಿದುಕೊಂಡು ನಕ್ಕರು. ಇದನ್ನು ಅಕ್ಕನಿಗೆ ಹೇಳಬೇಕು ಎಂದುಕೊಂಡು ಬಾಗಿಲು ತೆಗೆದರು. ಒಳಗೆ ಅಕ್ಕ ಎಲ್ಲಿದ್ದಾಳೆ? ನಗು ಹೊಸ್ತಿಲಲ್ಲೇ ಚಪ್ಪಲಿಯ ಜೊತೆ ಉಳಿಯಿತು.

ಗುಡ್ಡದಿಂದ ಚೀಲಗಟ್ಟಲೆ ತುಂಬಿ ತಂದ ಎಲೆಯನ್ನು ಕಂತುಕಂತಾಗಿ ಬೇಯಿಸಿದರು. ಕೊಳವೆ ಬಕೆಟ್ಟಿನ ಮಂಜುಗಡ್ಡೆಯ ನೀರಿನೊಳಗಿಂದ ಹಾದು ತೊಟತೊಟ ಎಂದಿತು. ಕೆಳಗೆ ಘಮಘಮಿಸುವ ನೀರು, ಮೇಲೆ ಹೊಂಬಣ್ಣದ ತೆಳು ಎಣ್ಣೆ. ಸಂಜೆಯ ಹೊತ್ತಿಗೆ ಒಂದು ಲೋಟದಷ್ಟಾಯಿತು! ತುಂಬಿಡಲು ಗಾಜಿನ ಬಾಟಲಿ ಹುಡುಕಿದರೆ ಒಂದರಲ್ಲಿ ಜೇನು, ಇನ್ನೊಂದರ ಮುಚ್ಚಳ ನಾಪತ್ತೆ. ಕಾಫಿ ಅಂಗಡಿಯಿಂದ ತಂದಿದ್ದ ಬಿಳಿ ಥರ್ಮೋಕೋಲ್ ಲೋಟ ಕಣ್ಣಿಗೆ ಬಿತ್ತು. ಬಾಟಲಿಯಾದರೇನು, ಲೋಟವಾದರೇನು? ಆದರೆ ತುಂಬುವುದು ಆಮೇಲೆ, ಮೊದಲು ಯುದ್ಧ!

ಬಟ್ಟೆಗೆ ಎಣ್ಣೆ ಹನಿಸಿಕೊಂಡು ಬಾಗಿಲ ಹಿಡಿ, ಸ್ವಿಚ್ಚು, ಟೆಲಿಫೋನು, ಫ್ರಿಜ್ಜಿನ ಹೊರಗೆ, ಫ್ರಿಜ್ಜಿನ ಒಳಗೆ ಎಲ್ಲ ಒರೆಸಿದರು. ಘಮಘಮಿಸುವ ನೀರಿನಿಂದ ನೆಲ ಸಾರಿಸಿದರು. ಉತ್ಸಾಹ ಏರುತ್ತಾ ಏರುತ್ತಾ ತಟ್ಟೆ, ಲೋಟ, ಚಮಚಗಳಿಗೂ ಅಭಿಷೇಕವಾಯಿತು. ಕೊನೆಗೆ ಹಾಲಿನ ಪಾತ್ರೆಯ ಒಳಮೈಗೂ ಚೆನ್ನಾಗಿ ಎಣ್ಣೆ ಸವರಿದರು. ಅಕ್ಕನ ಬಾಯಿಗೆ ಹೋಗುವ ಮೊಸರು, ಒಂದೂ ಕ್ರಿಮಿ ಇರಕೂಡದು!

ಇಷ್ಟು ವರ್ಷ ಕ್ರಿಮಿಗಳ ಪಾಠ ಹೇಳಿದ ತಲೆಗೆ, ಮೊಸರು ಎಂದರೇ ಕ್ರಿಮಿ ಎಂಬುದು ಆ ಗಳಿಗೆಯಲ್ಲಿ ಹೊಳೆಯಲಿಲ್ಲ! ಬೆಚ್ಚಗಿನ ಹಾಲು ಸುರಿದರು. ಇಬ್ಬರು ಅತಿಥಿಗಳೆಂದು ಬಟ್ಟಲಲ್ಲಿದ್ದ ಅಷ್ಟೂ ಹೆಪ್ಪನ್ನು ಹಾಕಿ ಕಲಕಿದರು. "ನಾಳೆ ಅಕ್ಕ ಬರ್ತಾಳೆ, ಗಟ್ಟಿಯಾಗ್ಬೇಕು ನೀವೆಲ್ಲಾ" ಎಂದು ಬುದ್ಧಿ ಹೇಳಿ ಮುಚ್ಚಳ ಮುಚ್ಚಿದರು. ಮಿಕ್ಕ ಎಣ್ಣೆಯನ್ನು ಥರ್ಮೋಕೋಲ್ ಲೋಟಕ್ಕೆ ಸುರಿದು, ಊಟದ ಮೇಜಿನ ಅಂಚಿನಲ್ಲಿಟ್ಟು, ವಿಜಯಿಯಾಗಿ ಮಲಗಿದರು.

ಬೆಳಿಗ್ಗೆ ಎದ್ದು ನೇರವಾಗಿ ಹೋದದ್ದು ಪಾತ್ರೆಯ ಬಳಿಗೆ. ಮುಚ್ಚಳ ತೆಗೆದು, "ಹೇಗಿದೀರಪ್ಪ?" ಎಂದರು.

ಹಾಲು ಹಾಗೇ ಇತ್ತು. ಪಾತ್ರೆ ಓರೆ ಮಾಡಿದರೆ ಬಳುಕಿತು. ಅಲ್ಲಾಡಿಸಿದರೆ ಅಲೆಯೆದ್ದಿತು. ಮೇಡಂ ಮೂಸಿದರು. ಔಷಧಿ ಅಂಗಡಿ, ಕಂಬಳಿ.

ಒಂದು ಕ್ಷಣ ಎದೆ ಉಬ್ಬಿತು. ಎಂಥ ಎಣ್ಣೆ! ಪಾತ್ರೆಗೆ ಸವರಿದ್ದಕ್ಕೇ ಒಂದು ಸಂಸ್ಥಾನವೇ ನೆಲಸಮ! "ಗೆದ್ದೆ!" ಎಂದು ಕೂಗಲು ಬಾಯಿ ತೆರೆದರು. ಮರುಕ್ಷಣವೇ ಗೆದ್ದದ್ದು ಯಾರ ಮೇಲೆ ಎಂದು ಅರ್ಥವಾಯಿತು. ಅಮ್ಮ ಅಜ್ಜಿಮನೆಯಿಂದ ತಂದದ್ದು. ಅಪ್ಪ ಸತ್ತ ದಿನವೂ ಅಮ್ಮ ಹಾಲಿಗೆ ಹಾಕಿದ್ದು. ಅಮ್ಮ ಸತ್ತ ದಿನ ಅಕ್ಕ ಹಾಕಿದ್ದು. ಎಷ್ಟೋ ಬರ ನೆರೆ ದಾಟಿ ಬಂದ ವಂಶ ತನ್ನ ಕೈಯಲ್ಲಿ ಮುಗಿಯಿತು. ಮೇಡಂ ಖಾಲಿ ಬಟ್ಟಲನ್ನು ಬೆರಳಿನಿಂದ ಸವರಿ ನೋಡಿದರು. ಒರೆಸಿಟ್ಟ ಹಾಗೆ ಚೊಕ್ಕಟ. ಕೈ ಕೆಸರಾದರೆ ಬಾಯಿ ಮೊಸರು ಎನ್ನುತ್ತಾರೆ. ಕೈ ಎಣ್ಣೆಯಾದರೆ ಏನಾಗುತ್ತದೆಂದು ಯಾವ ಗಾದೆಯೂ ಹೇಳಿಲ್ಲ!

ಅಂಗಡಿಯಿಂದ ಮೊಸರು ತರಬಹುದಿತ್ತು. ಆದರೆ ಅಮ್ಮನ ಮೊಸರಿನ ಜಾಗದಲ್ಲಿ ಪ್ಯಾಕೆಟ್ಟೇ? ಅದನ್ನು ಅಕ್ಕನಿಗೆ ಬಡಿಸಿ ಸುಮ್ಮನಿರುವುದೇ? ಮನಸ್ಸು ಒಪ್ಪಲಿಲ್ಲ. ಹೊಟ್ಟೆ ಬಿರಿಯುವಷ್ಟು ಬಡಿಸಿಬಿಟ್ಟರೆ ಮೊಸರು ಕೇಳಲು ಜಾಗವೇ ಇರದು ಎಂದು ಹಂಚಿಕೆ ಹಾಕಿ ಅಡುಗೆಗೆ ನಿಂತರು. ಮೇಜಿನ ಕಡೆ ಬಂದಾಗ ಥರ್ಮೋಕೋಲ್ ಲೋಟ ಲೋಟದ ಹಾಗೇ ನಿಂತಿತ್ತು. ಎತ್ತಿದರು. ಗೋಡೆ ಬಂತು, ತಳ ಬರಲಿಲ್ಲ! ತಳವನ್ನು ಎಣ್ಣೆ ತಿಂದು ಹಾಕಿ, ಅಲ್ಲಿಂದ ಹರಿದು ಅಂತರ್ಧಾನವಾಗಿತ್ತು. 'ಗಾಜಿನ ಬಾಟ್ಲೀಲೇ' ಎಂದು ಮೇಷ್ಟ್ರು ಬಡಿದುಕೊಂಡದ್ದು ಇದಕ್ಕೇ. ಅಳಲು ಪುರುಸೊತ್ತಿರಲಿಲ್ಲ. ಮೇಜು ಒರೆಸಿ ಬಟ್ಟೆ ಹಾಸಿದರು. ಮೇಜಿನ ಅಂಚಿನಿಂದ ಇಳಿದ ಎಣ್ಣೆ ಎಲ್ಲಿಗೆ ಹೋಯಿತೆಂದು ಬಗ್ಗಿ ನೋಡಲಿಲ್ಲ.

ಅಕ್ಕ ಬಂದಳು. ಬಾಗಿಲಲ್ಲೇ ಮೂಗೇರಿಸಿದಳು.

"ಯಾರಿಗೆ ಹುಷಾರಿಲ್ಲ?"

"ಯಾರಿಗೂ ಏನಿಲ್ಲ! ಇದು ಸ್ವಚ್ಛತೆಯ ವಾಸನೆ."

"ಸ್ವಚ್ಛತೆ ಹೀಗಿದ್ರೆ ಕೊಳಕೇ ವಾಸಿ ಕಣೇ." ಹಾಗೆಂದು ನಕ್ಕು ತಂಗಿಯ ಭುಜ ಹಿಡಿದಳು. ಸ್ವಲ್ಪ ದಪ್ಪಗಾಗಿದ್ದಳು. ಹೊಸ ಹಲ್ಲು ಕಟ್ಟಿಸಿಕೊಂಡಿದ್ದಳು, ನಗು ಬೇರೆ ಯಾರದೋ ಹಾಗಿತ್ತು. ಹಿಂದೆ ಭಾವ, ಇಸ್ತ್ರಿಯ ತಿಳಿಬಣ್ಣದ ಪ್ಯಾಂಟು ತೊಟ್ಟು, ಹಣ್ಣಿನ ಬುಟ್ಟಿ ಹಿಡಿದು ನಿಂತಿದ್ದರು. "ನಮಸ್ಕಾರ" ಎಂದು, ಮೇಡಂ ಪ್ರತಿಯಾಗಿ ನಮಸ್ಕಾರ ಎಂದಾಗ ಅವರ ಕೆಳದವಡೆಯನ್ನು ಗಮನಿಸಿ, ಮರ್ಯಾದೆಯಿಂದ ಸುಮ್ಮನಾದರು. ಮೇಜಿನ ಅಂಚಿನ ಕುರ್ಚಿಯಲ್ಲಿ ಕುಳಿತರು.

ಊಟ ನಡೆಯಿತು. ಮೇಡಂ ಬಡಿಸಿದರು, ಮತ್ತೆ ಬಡಿಸಿದರು, ಬೇಡವೆಂದು ಅಡ್ಡ ಹಿಡಿದ ಕೈಯ ಮೇಲೂ ಬಡಿಸಿದರು. ಭಾವ ತುಟಿಪಿಟಿಕ್ಕೆನ್ನದೆ ತಿಂದರು. ತಟ್ಟೆ ಚಮಚಗಳೆಲ್ಲ ಪೊದೆಯ ರುಚಿ ಹೊಡೆಯುತ್ತಿದ್ದರೂ, "ಹಲ್ಲಿಗೆ ಒಳ್ಳೇದಿರ್ಬೇಕು" ಎಂದಷ್ಟೇ ಹೇಳಿದರು. ಮೇಡಂ ಮಾತಿನ ಮಳೆ ಸುರಿಸಿದರು. ಕಾಲೇಜು, ಕಳ್ಳಭಟ್ಟಿ, ಬಟಾಬಯಲು, ಪೊದೆಯ ಮಹಿಮೆ. ಇಷ್ಟೊಂದು ಮಾತು ತಮ್ಮೊಳಗೆ ಕೂಡಿಬಿದ್ದಿತ್ತೆಂದು ಅವರಿಗೇ ಗೊತ್ತಿರಲಿಲ್ಲ. ಅಕ್ಕ ಕೇಳುತ್ತಾ ಕೇಳುತ್ತಾ ತಟ್ಟೆಯ ಕೊನೆಗೆ ಬಂದು ಸಹಜವಾಗಿ ಕೈ ಚಾಚಿದಳು.

"ಮೊಸರು?"

"ಹಣ್ಣು ತಿನ್ನೇ! ಭಾವ ತಂದಿದಾರೆ."

"ಮೊಸರಿಲ್ಲದೆ ನನಗೆ ಊಟ ಮುಗಿಯುತ್ತಾ? ಎಲ್ಲಿದೆ, ಫ್ರಿಜ್ಜಲ್ಲಾ?"

"ನಾನ್ ತರ್ತೀನಿ, ಕೂತ್ಕೊಳಿ" ಎಂದು ಭಾವ ಉಪಕಾರಕ್ಕೆಂದು ಎದ್ದರು. ಎದ್ದದ್ದು ಭಾವ ಒಬ್ಬರೇ ಅಲ್ಲ, ಕುರ್ಚಿಯೂ ಎದ್ದಿತು!

ಮೇಜಿನಿಂದ ತೊಟ್ಟಿಕ್ಕಿದ ಎಣ್ಣೆ ಆ ಕುರ್ಚಿಯ ವಾರ್ನಿಷನ್ನು ಕರಗಿಸಿ ಅಂಟಾಗಿಸಿತ್ತು. ಭಾವನವರು ಅದರ ಮೇಲೆ ಆರಾಮಾಗಿ ಕುಳಿತು, ಊಟದುದ್ದಕ್ಕೂ ಮೈಭಾರದಿಂದ ಒತ್ತಿ, ಒಣಗಿಸಿ, ಭದ್ರಪಡಿಸಿದ್ದರು. ಅಂಟು ನಂಟು ಎಂದರೆ ಇದೇ! ಅವರು ಮುಂದೆ ಹೋದರೆ ಕುರ್ಚಿ ಹಿಂದೆ ಬಂತು. ಅವರು ತಿರುಗಿದರೆ ಕುರ್ಚಿಯ ಕಾಲು ಹಣ್ಣಿನ ಬುಟ್ಟಿಯನ್ನು ಉರುಳಿಸಿತು.

"ಇದು… ಹೀಗೇನಾ ಇದು?" ಎಂದು ಭಾವ ಬಹಳ ಸೌಮ್ಯವಾಗಿ ಕೇಳಿದರು.

"ಅಯ್ಯೋ, ಕೂತ್ಕೊಳ್ರೀ!" ಎಂದಳು ಅಕ್ಕ.

"ಕೂತೇ ಇದೀನಲ್ಲ!"

ಮೇಡಂ ಕುರ್ಚಿ ಹಿಡಿದರು, ಅಕ್ಕ ಗಂಡನನ್ನು ಹಿಡಿದಳು. "ಅಲ್ಲಾಡ್ಬೇಡಿ, ಒಂದೇ ಸಲ ಕಿತ್ತುಬಿಡೋಣ" ಎಂದು ಅಕ್ಕ ಹೇಳಿದಾಗ, ಜೀವನವಿಡೀ ಇದೇ ಮಾತನ್ನು ಬೇರೆಯವರಿಗೆ ಹೇಳಿದ್ದ ಭಾವನವರ ಮುಖ ಬಿಳಿಚಿತು. ಎಳೆದರು. ಚರ್ರ್ ಎಂದಿತು. ಭಾವ ಬಂದರು. ಪ್ಯಾಂಟಿನ ಹಿಂಭಾಗದ ಬಹುಪಾಲು ಕುರ್ಚಿಯಲ್ಲೇ ಉಳಿಯಿತು.

ಮನೆಯಲ್ಲಿ ಗಂಡಸಿನ ಬಟ್ಟೆ ಎಲ್ಲಿಂದ ಬರಬೇಕು? ಬಚ್ಚಲುಮನೆ ಸೇರಿಕೊಂಡ ಭಾವನವರಿಗೆ ಮೇಡಂ ತಮ್ಮ ಬಿಳಿಯ ಪ್ರಯೋಗಶಾಲೆ ಕೋಟನ್ನು ಬಾಗಿಲ ಸಂದಿಯಿಂದ ಒಳಗೆ ಕೊಟ್ಟರು. ಗುಂಡಿ ಹಾಕಿಕೊಂಡು ಹೊರಬಂದ ಭಾವನವರು ಮೇಲಿನಿಂದ ನೋಡಿದರೆ ಡಾಕ್ಟರು, ಕೆಳಗಿನಿಂದ ನೋಡಿದರೆ ರೋಗಿ! ಅಕ್ಕ, "ಕಾಲಿಗೇನಾದ್ರೂ ಹೊದಿಸೋಣ, ಒಂದು ದುಪ್ಪಟಿ ತರ್ತೀನಿ" ಎಂದು ಒಳಕೋಣೆಗೆ ಹೋಗಿ ಬೀರು ತೆಗೆದಳು. ತೆಗೆದವಳು ಹಾಗೇ ನಿಂತಳು.

ಬೀರುವಿನ ಎಡಭಾಗದಲ್ಲಿ ತಂಗಿಯ ಬಟ್ಟೆ ಒಂದರ ಮೇಲೊಂದು ಒತ್ತಿ, ತುರುಕಿ, ಬಾಗಿಲು ತೆಗೆದರೆ ಬೀಳುವ ಹಾಗಿತ್ತು. ಬಲಭಾಗ ಅಕ್ಕನದು. ಅದು ಅವಳು ಖಾಲಿ ಮಾಡಿ ಹೋದ ದಿನದಂತೆಯೇ ಇತ್ತು. ಒಂದು ಕರವಸ್ತ್ರವನ್ನೂ ಅಲ್ಲಿಟ್ಟಿರಲಿಲ್ಲ.

"ಇದ್ಯಾಕೇ ಹೀಗೆ?" ಎಂದು ಅಕ್ಕ ಮೆಲ್ಲಗೆ ಕೇಳಿದಳು.

ಹಿಂದೆ ನಿಂತಿದ್ದ ಮೇಡಂಗೆ ಅದಕ್ಕೊಂದು ಜೋಕು ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಬದಲಿಗೆ, "ಅಕ್ಕಾ, ನಾನು ಅಮ್ಮನ ಹೆಪ್ಪನ್ನ ಸಾಯಿಸಿಬಿಟ್ಟೆ" ಎಂದರು. ಎಂದವರೇ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು. ಪಾತ್ರೆಗೆ ಎಣ್ಣೆ ಸವರಿದ್ದು, ಅಷ್ಟನ್ನೂ ಹಾಕಿದ್ದು, ಬೆಳಿಗ್ಗೆ ಹಾಲು ಬಳುಕಿದ್ದು, ಎಲ್ಲ ಬಂತು. "ಅಷ್ಟು ವರ್ಷದಿಂದ ಬಂದಿದ್ದು… ಒಂದು ಬಟ್ಟಲು ಮೊಸರು ನೋಡ್ಕೊಳಕ್ಕಾಗ್ಲಿಲ್ಲ ನನ್ ಕೈಲಿ…"

ಅಕ್ಕ ದುಪ್ಪಟಿ ಹಿಡಿದುಕೊಂಡೇ ಮಂಚದ ಮೇಲೆ ಕುಳಿತಳು.

"ಅಮ್ಮನ ಹೆಪ್ಪಾ?"

"ಹೂಂ."

"ಅದು ಅಮ್ಮಂದಲ್ವೇ, ಪೆದ್ದಿ! ಅಮ್ಮಂದು ಅಮ್ಮ ಇದ್ದಾಗ್ಲೇ ಒಂದ್ಸಲ ಕೆಟ್ಟಿತ್ತು. ಆಮೇಲೆ ನಾವಿಬ್ರೂ ಪ್ರವಾಸಕ್ಕೆ ಹೋದಾಗ ಒಂದ್ಸಲ. ಆ ಬೇಸಿಗೇಲಿ ಫ್ರಿಜ್ ಕೆಟ್ಟಾಗ ಒಂದ್ಸಲ. ಎಷ್ಟು ಸಲ ಸತ್ತಿದೆಯೋ ಲೆಕ್ಕ ಇಟ್ಟವರ್ಯಾರು?"

ಮೇಡಂ ಅಳು ನಿಲ್ಲಿಸಿದರು. "ಮತ್ತೆ ಇಷ್ಟು ದಿನ ನಾನು ಸಾಕಿದ್ದು?"

"ಮೇಲಿನ ಮನೆ ಹೊಲಿಗೆಯವಳದ್ದು. ನೀನು ಕಾಲೇಜಿಗೆ ಹೋದ್ಮೇಲೆ ಬಟ್ಟಲು ಹಿಡ್ಕೊಂಡು ಹೋಗ್ತಿದ್ದೆ. ಹೋದೋಳು ಕೂತು ಮಾತಾಡ್ಕೊಂಡು, ಅವಳ ಗುಂಡಿಗೆ ಕಾಜಾ ಹಾಕ್ಕೊಟ್ಟು ಬರ್ತಿದ್ದೆ."

"ನನಗ್ಯಾಕೆ ಒಂದಿನಾನೂ ಹೇಳ್ಲಿಲ್ಲ?"

"ನೀನೆಲ್ಲಿ ಕೇಳಿದೆ? ನಿನಗೆ ತಟ್ಟೇಲಿ ಮೊಸರು ಬಂದ್ರೆ ಆಗ್ತಿತ್ತು." ಅಕ್ಕ ಬೈಯುವ ದನಿಯಲ್ಲೇ ಹೇಳಿದಳು, ಆದರೆ ತಂಗಿಯ ಕೆನ್ನೆ ಒರೆಸುತ್ತಾ. "ಹೋಗು, ಅವಳ ಹತ್ರ ಒಂದು ಬಟ್ಟಲು ಹೆಪ್ಪು ಇಸ್ಕೊಂಡು ಬಾ. ಹಾಗೇ ಆ ಪ್ಯಾಂಟೂ ತಗೊಂಡ್ಹೋಗು. ನಮ್ಮೋರು ಕೋಟಲ್ಲೇ ಬಸ್ಸು ಹತ್ತಕ್ಕಾಗುತ್ತಾ?"

ಹೀಗೆ ಕ್ರಿಮಿ ಮೇಡಂ ಒಂದು ಕೈಯಲ್ಲಿ ಬಟ್ಟಲು, ಇನ್ನೊಂದು ಕೈಯಲ್ಲಿ ಹಿಂಭಾಗವಿಲ್ಲದ ಪ್ಯಾಂಟು ಹಿಡಿದು, ಇಷ್ಟು ವರ್ಷದಲ್ಲಿ ಹತ್ತದ ಮೆಟ್ಟಿಲನ್ನು ಹತ್ತಿದರು. ಬಾಗಿಲು ಬಡಿದಾಗ ಮೆಷೀನಿನ ಸದ್ದು ತಟ್ಟನೆ ನಿಂತಿತು. ಕೊರಳಲ್ಲಿ ಅಳತೆ ಪಟ್ಟಿ, ತುಟಿಯಲ್ಲಿ ಗುಂಡುಸೂಜಿ ಕಚ್ಚಿಕೊಂಡ ಹೆಂಗಸು ಬಾಗಿಲು ತೆಗೆದಳು. ಮೇಡಂ ಅವರನ್ನು ಕಂಡದ್ದೇ ಗಾಬರಿಯಿಂದ ಸೂಜಿ ಕೈಗೆ ತೆಗೆದುಕೊಂಡಳು.

"ಸದ್ದು ಜಾಸ್ತಿ ಆಯ್ತಾ ಮೇಡಂ? ಭಾನುವಾರ ಅಂತ ನೆನಪಾಗ್ಲಿಲ್ಲ. ನಿಲ್ಲಿಸ್ತೀನಿ."

"ಬೇಡ!" ಮೇಡಂ ದನಿ ಅವರಿಗೇ ಜೋರಾಗಿ ಕೇಳಿಸಿತು. "ನಿಲ್ಲಿಸ್ಬೇಡಿ. ನನಗೆ… ಅದು ಕೇಳ್ತಾ ಇದ್ರೇ ಒಳ್ಳೇದು."

ಹೊಲಿಗೆಯಾಕೆಗೆ ಅರ್ಥವಾಗಲಿಲ್ಲ. ಪ್ಯಾಂಟು ಇಸಿದುಕೊಂಡು ಬೆಳಕಿಗೆ ಹಿಡಿದಳು. ತೂತಿನಿಂದ ಮೇಡಂ ಮುಖ ಕಾಣಿಸಿತು. "ಇದೇನು, ಕೂತಲ್ಲೇ ಕರಗಿ ಹೋಗಿದೆ?"

ಮೇಡಂ ಕತೆ ಹೇಳಿದರು. ಪೊದೆಯಿಂದ ಕುರ್ಚಿಯವರೆಗೆ ಒಂದೂ ಬಿಡಲಿಲ್ಲ. ಹೊಲಿಗೆಯಾಕೆ ಮೊದಲು ಬಾಯಿ ಮುಚ್ಚಿಕೊಂಡು ನಕ್ಕಳು, ಆಮೇಲೆ ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಕೊನೆಗೆ ಮೇಡಂ ಬಟ್ಟಲು ಚಾಚಿ, "ನಿಮ್ಮ ಹೆಪ್ಪು ಎಲ್ಲಿಂದ ಬಂದಿದ್ದು? ನಿಮ್ಮಮ್ಮನ ಕಾಲದ್ದಾ?" ಎಂದು ಭಕ್ತಿಯಿಂದ ಕೇಳಿದರು.

"ನಮ್ಮದಾ? ಅಂಗಡಿ ಪ್ಯಾಕೆಟ್ಟು. ಹುಳಿ ಜಾಸ್ತಿ ಆದಾಗೆಲ್ಲ ಹೊಸ ಪ್ಯಾಕೆಟ್ ಒಡೀತೀನಿ. ಮೊನ್ನೇನೂ ಒಡೆದೆ."

ಮೇಡಂ ಬಟ್ಟಲು ಹಿಡಿದು ಹಾಗೇ ನಿಂತರು. ತರಗತಿಗೆ ಪರಿಚಯ ಮಾಡಿಕೊಟ್ಟ ಅಕ್ಕ-ತಮ್ಮಂದಿರು, ದಿನವೂ ಕ್ಷೇಮ ವಿಚಾರಿಸಿದ ವಂಶ, ಎಲ್ಲ ಬೀದಿಯ ಕೊನೆಯ ಅಂಗಡಿಯವನ ಕಡೆಯವರು! ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಹೊಲಿಗೆಯಾಕೆ ಬಟ್ಟಲು ತೆಗೆದುಕೊಂಡು ಮೂಸಿ, ತೋಳು ಉದ್ದ ಮಾಡಿ ವಾಪಸು ಕೊಟ್ಟಳು.

"ಇದರಲ್ಲಿ ಹಾಕಿದ್ರೆ ಇದೂ ಸಾಯುತ್ತೆ. ನಿಮ್ಮ ಕೈಗೂ ಅದೇ ವಾಸನೆ. ಮೇಡಂ, ನೀವು ಹೆಪ್ಪು ಮುಟ್ಟಲೇಬೇಡಿ. ಹೊಸ ಪಾತ್ರೇಲಿ ಹಾಲು ಕಾಯಿಸಿ ಇಡಿ ಸಾಕು. ಸಂಜೆ ಪ್ಯಾಂಟು ಮುಗಿಸಿ ಕೊಡ್ತೀನಿ, ಆಮೇಲೆ ಅವರನ್ನ ಕಳಿಸಿ ಬನ್ನಿ. ನಾನೇ ಕೆಳಗೆ ಬಂದು ಹಾಕ್ಕೊಡ್ತೀನಿ. ಹಾಲು ಕಾಯಿಸೋದಾದ್ರೂ ಬರುತ್ತಲ್ವಾ?"

"ಹಾಲು ಕಾಯಿಸೋದು ಬರುತ್ತೆ!" ಎಂದರು ಮೇಡಂ, ಪಿಎಚ್‌ಡಿಯ ಅಷ್ಟೂ ಘನತೆಯನ್ನು ಒಟ್ಟುಗೂಡಿಸಿ.

ಸಂಜೆ ಅಕ್ಕ-ಭಾವ ಹೊರಟರು. ಭಾವನವರ ತಿಳಿಬಣ್ಣದ ಪ್ಯಾಂಟಿನ ಹಿಂದೆ ಹೂವಿನ ಚಿತ್ತಾರದ ತೇಪೆ ಬಿದ್ದಿತ್ತು. ಆ ಬಣ್ಣದ ಬಟ್ಟೆ ಇರಲಿಲ್ಲವಂತೆ. "ಮತ್ತೆ ಬರ್ತೀವಿ, ನಿಂತುಕೊಂಡು ಊಟ ಮಾಡ್ತೀನಿ" ಎಂದು ಭಾವ ಹೇಳಿದಾಗ, ಅವರೂ ಜೋಕು ಮಾಡುವವರೆಂದು ಮೇಡಂಗೆ ಮೊದಲ ಸಲ ಗೊತ್ತಾಯಿತು. ಮಹಡಿಯ ಕೋಣೆಯ ಮಾತನ್ನು ಅಕ್ಕ ಎತ್ತಲಿಲ್ಲ. ಬಸ್ಸು ತಿರುಗುವವರೆಗೂ ಕೈಬೀಸಿದಳು. ಬಸ್ಸು ತಿರುಗಿದ ಮೇಲೆ ಬೀದಿ ಇದ್ದಕ್ಕಿದ್ದಂತೆ ಅಗಲವಾಯಿತು.

ಮನೆಗೆ ಬಂದು ಮೇಡಂ ಹಾಲು ಒಲೆಯ ಮೇಲಿಟ್ಟರು. ಮೇಲೆ ಮೆಷೀನು ಟಕಟಕ ಎನ್ನುತ್ತಿತ್ತು. ಸ್ವಲ್ಪ ಹೊತ್ತಿಗೆ ನಿಂತಿತು. ಮೇಡಂ ಎದ್ದು ಮುಂಬಾಗಿಲಿಗೆ ಹೋದರು. ಬಾಗಿಲು ತೆಗೆದಿಟ್ಟರೆ ಕಾಯುತ್ತಿದ್ದಾರೆ ಎಂದು ಹೊಲಿಗೆಯಾಕೆ ಅಂದುಕೊಂಡಾಳು ಎಂದು ಮುಚ್ಚಿದರು. ಮುಚ್ಚಿದರೆ ಬೇಡವೇನೋ ಎಂದುಕೊಂಡಾಳು ಎಂದು ಅರ್ಧ ತೆಗೆದರು. ಆಮೇಲೆ ಚೌಕಟ್ಟಿಗೆ ಕಿವಿಯಿಟ್ಟು ನಿಂತರು. ಮೇಲೆ ಬಾಗಿಲು ತೆಗೆದ ಸದ್ದಾಯಿತೇ? ಇಲ್ಲ, ಗಾಳಿ. ಚಪ್ಪಲಿಯ ಸದ್ದೇ? ಇಲ್ಲ, ಯಾರೋ ಕೆಳಗಿನವರು. ಮತ್ತೆ ಸದ್ದು. ಹೌದು, ಒಂದು ಮೆಟ್ಟಿಲು, ಇನ್ನೊಂದು ಮೆಟ್ಟಿಲು, ಬಂದಳು ಬಂದಳು!

ಹೊಲಿಗೆಯಾಕೆ ಮುಚ್ಚಿದ ಬಟ್ಟಲು ಹಿಡಿದು ಬಾಗಿಲಿಗೆ ಬಂದಳು. ಮೂಗು ಅರಳಿಸಿದಳು. ಮೇಡಂ ತಲೆಯ ಮೇಲಿನಿಂದ ಅಡುಗೆಮನೆಯ ಕಡೆ ನೋಡಿದಳು. ಅಲ್ಲಿ ಹಾಲು ಉಕ್ಕಿ, ಒಲೆ ಆರಿಸಿ, ಕಟ್ಟೆಯಿಂದ ಇಳಿದು, ನೆಲದ ಮೇಲೆ ಅತಿಥಿಯನ್ನು ಎದುರುಗೊಳ್ಳಲು ಹೊರಟಿತ್ತು!

"ಹಾಲು ಕಾಯಿಸೋದು ಬರುತ್ತೆ ಅಂದ್ರಿ?"

"ನಿನ್ನೆವರೆಗೂ ಬರ್ತಿತ್ತು" ಎಂದರು ಮೇಡಂ.

ಹೊಲಿಗೆಯಾಕೆ ಚಪ್ಪಲಿ ಬಿಟ್ಟು ಒಳಗೆ ಬಂದಳು. "ಬಟ್ಟೆ ಕೊಡಿ, ಒರೆಸೋಣ. ಎಣ್ಣೆ ಹಾಕದೇ ಇರೋ ಬಟ್ಟೆ!"